ನಡುಹಗಲಿನ ಸಂಜೆ

ನಮ್ಮೂರಿನಲ್ಲಿ ಬೆಳಗಾಗುತ್ತಲೇ ಕುರ್ಚಿಗಳನ್ನು ಗೋಡೆಯ ಗೂಟಕ್ಕೆ ನೇತುಹಾಕುವ ಕಾಲವೊಂದಿತ್ತು. ಮಣೆ, ಚಾಪೆ, ಜಗಲಿಯ ಮೇಲಿನ ಹಾಸು ಎಲ್ಲವೂ ಎರಡನೆಯ ಕೋಳಿ ಕೂಗುವಷ್ಟರಲ್ಲಿ ಮೇಲೇರಿಬಿಡಬೇಕು. ಅವು ನೆಲಕ್ಕೆ ಇಳಿಯುತ್ತಿದ್ದುದು ಸಂಜೆ ನಾನು ಗುಡಿಯಲ್ಲಿ ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಯಾರೂ ಕೂರುತ್ತಿರಲಿಲ್ಲ. ಅಯ್ಯ ನಿಂತಿರುವಾಗ ನಾವು ಕೂರುವುದು ಹೇಗೆ?

ಅಯ್ಯ ಎಂದರೆ ನಿಲುವಯ್ಯಸ್ವಾಮಿ. ಆಳೆತ್ತರದ ಕರಿಕಲ್ಲಿನ ಮೂರ್ತಿ. ಹಗಲೆಲ್ಲ ಗರ್ಭಗುಡಿಯಲ್ಲಿ ನಿಂತಿರುತ್ತಾನೆ. ಹೊತ್ತು ಮುಳುಗಿದ ಮೇಲೆ ನಾನು ಅವನ ಮುಂದೆ ದೀಪ ಹಚ್ಚಿ, ಹೊರಗೆ ಬಂದು ಬಾಗಿಲು ಮುಚ್ಚಿ, ನೂರೆಂಟು ಸಲ ಅವನ ಹೆಸರು ಹೇಳಿ ಬಾಗಿಲು ತೆರೆದರೆ ಕೂತಿರುತ್ತಾನೆ. ಎರಡೂ ಮೊಣಕಾಲು ಮಡಚಿರುತ್ತವೆ, ಬಲಗೈ ತೊಡೆಯ ಮೇಲಿರುತ್ತದೆ. ಕೂರುವುದನ್ನು ನಾನು ನೋಡಿದವನಲ್ಲ. ನಮ್ಮಪ್ಪನೂ ನೋಡಿರಲಿಲ್ಲ, ನಮ್ಮ ತಾತನೂ ನೋಡಿರಲಿಲ್ಲ. ನೋಡಬೇಕೆಂದು ಆಸೆಪಡುವ ವಿಷಯವೂ ಅದಲ್ಲ. ಬಾಗಿಲು ತೆರೆದು, ದೊಡ್ಡ ಗಂಟೆಯನ್ನು ಮೂರು ಸಲ ಬಾರಿಸಿ, ಮೆಟ್ಟಿಲ ಮೇಲೆ ನಿಂತು "ಅಯ್ಯ ಕೂತ!" ಎಂದು ಕೂಗುವುದು ನನ್ನ ಕೆಲಸ. "ನಾವೂ ಕೂತೆವು!" ಎಂದು ಬೀದಿ ಬೀದಿಯಿಂದ ಉತ್ತರ ಬರುತ್ತಿತ್ತು. ಅದರ ಹಿಂದೆಯೇ ಗೂಟದಿಂದ ಕುರ್ಚಿಗಳು ಇಳಿಯುವ ಸದ್ದು, ಚಾಪೆ ಕೊಡಹುವ ಸದ್ದು, ಊರಿಗೆ ಊರೇ ಒಟ್ಟಿಗೆ ಬಿಡುವ ಒಂದು ಉಸಿರು. ಆ ಉಸಿರನ್ನು ನೆನೆಯುವವರು ಈಗ ಊರಲ್ಲಿ ಹೆಚ್ಚು ಜನ ಉಳಿದಿಲ್ಲ. ನಾನು ಕೇಳಿದ್ದೇನೆ. ನಲವತ್ತು ವರ್ಷ, ಒಂದು ದಿನವೂ ತಪ್ಪದೆ.

ನಿಂತು ಬಾಳುವುದಕ್ಕೆ ಬೇಕಾದದ್ದನ್ನೆಲ್ಲ ಊರು ಮಾಡಿಕೊಂಡಿತ್ತು. ಒಲೆಗಳು ಸೊಂಟದೆತ್ತರ. ಒರಳುಗಳು ಕಟ್ಟೆಯ ಮೇಲೆ. ಶಾಲೆಯ ಮೇಜುಗಳು ಮಕ್ಕಳ ಎದೆಯ ಮಟ್ಟಕ್ಕೆ. ದರ್ಜಿ ಒಂಟಿಕಾಲಲ್ಲಿ ನಿಂತು ಇನ್ನೊಂದರಲ್ಲಿ ಮಿಷನ್ ತುಳಿಯುತ್ತಿದ್ದ. ಮದುವೆಯಲ್ಲಿ ಗಂಡುಹೆಣ್ಣು ಹಸೆಮಣೆಯ ಮೇಲೆ ನಿಲ್ಲುತ್ತಿದ್ದರು, ನೆಂಟರು ಎಲೆಯನ್ನು ಎತ್ತರದ ಹಲಗೆಯ ಮೇಲೆ ಹಾಸಿ ನಿಂತೇ ಉಣ್ಣುತ್ತಿದ್ದರು. ಮುದುಕರಿಗೆಂದು ಪ್ರತಿ ಬೀದಿಯಲ್ಲೂ ಒರಗುಗಂಬಗಳಿದ್ದವು. ತಲೆಮಾರುಗಳ ಬೆನ್ನು ತಾಗಿ ತಾಗಿ ಅವು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. "ಇದು ನಮ್ಮಪ್ಪ ಒರಗಿದ ಕಂಬ, ನೀನು ಆಚೆ ಹೋಗೋ" ಎಂಬ ಜಗಳ ದಿನಕ್ಕೊಂದಾದರೂ ಆಗುತ್ತಿತ್ತು. ಜ್ವರ ಬಂದವರನ್ನು ಎದೆಗೆ ಮೆತ್ತನೆಯ ಬಟ್ಟೆಪಟ್ಟಿ ಕಟ್ಟಿ ಗೋಡೆಗೆ ಒರಗಿಸುತ್ತಿದ್ದೆವು. ನಿಲ್ಲಲು ಬಾರದ ಕೂಸುಗಳಿಗೆ ಮಾತ್ರ ವಿನಾಯಿತಿ. ಮಿಕ್ಕಂತೆ, ಹಗಲು ಹೊತ್ತು ನೆಲ ಮುಟ್ಟುವ ಬೆನ್ನು ಹೆಣದ ಬೆನ್ನೊಂದೇ ಎಂದು ನಮ್ಮಲ್ಲಿ ಮಾತಿತ್ತು.

ನಿಂತ ಕಾಲಿಗೆ ಬಳ್ಳಿ ಬರುತ್ತದೆ. ಮೀನಖಂಡದ ಮೇಲೆ, ಮೊಣಕಾಲಿನ ಹಿಂದೆ, ಹಸಿರು ನೀಲಿ ನರಗಳು ಉಬ್ಬಿ ಸುತ್ತಿಕೊಂಡು ಮೇಲೇರುತ್ತವೆ. ಬೇರೆ ಊರಿನವರು ಅದನ್ನು ಕಾಯಿಲೆ ಅನ್ನುತ್ತಿದ್ದರು. ನಾವು ಅಯ್ಯನ ಬಳ್ಳಿ ಅನ್ನುತ್ತಿದ್ದೆವು. ಹೆಣ್ಣು ನೋಡಲು ಬಂದವರು ಹೆಣ್ಣಿನ ಅಜ್ಜಿಯ ಕಾಲು ನೋಡುವುದಿತ್ತು. ಮನೆಗೆ ಬಂದ ಸೊಸೆಯ ಕಾಲಲ್ಲಿ ಮೊದಲ ಬಳ್ಳಿ ಕಾಣಿಸಿಕೊಂಡರೆ ಅತ್ತೆ ಒಬ್ಬಟ್ಟು ಮಾಡಿ ನೆರೆಹೊರೆಗೆ ಹಂಚುತ್ತಿದ್ದಳು.

ನನ್ನ ಹೆಂಡತಿ ಚೆನ್ನಾಜಮ್ಮ ಕೂರುವ ಊರಿನಿಂದ ಬಂದವಳು. ಮದುವೆಯಾದ ಹೊಸದರಲ್ಲಿ ಮಧ್ಯಾಹ್ನ ರಾಗಿ ಕಣಜದ ಹಿಂದೆ ಹೋಗಿ ಒಂದು ಗಳಿಗೆ ಕುಕ್ಕರಿಸಿ ಬರುತ್ತಿದ್ದಳು. ನಮ್ಮಮ್ಮ ಅದನ್ನು ಕಂಡೂ ಕಾಣದವಳಂತೆ, "ಕಣಜದ ಹಿಂದೆ ಬೆಕ್ಕು ಮರಿ ಹಾಕಿದೆಯೇನೋ, ಆಗಾಗ ಸದ್ದಾಗುತ್ತೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಆರು ತಿಂಗಳಿಗೆ ಬೆಕ್ಕು ಹೋಯಿತು. ಆಮೇಲೆ ಈ ಊರಿನಲ್ಲಿ ಹುಟ್ಟಿದವರಿಗಿಂತ ಅವಳೇ ಗಟ್ಟಿಯಾದಳು. "ಕೂತು ಬಂದವಳಿಗೇ ನಿಲ್ಲೋದರ ಬೆಲೆ ಗೊತ್ತಾಗೋದು" ಅನ್ನುತ್ತಿದ್ದಳು. ಅಯ್ಯನ ದೀಪಕ್ಕೆ ಬತ್ತಿ ಹೊಸೆಯುವ ಕೆಲಸ ಅವಳದು. ತೊಡೆಯ ಮೇಲೆ ಹೊಸೆಯಲು ಕೂರಬೇಕಲ್ಲ, ಅದಕ್ಕೆ ಮುಂಗೈಯ ಮೇಲೆ ಹೊಸೆಯುವುದನ್ನು ಕಲಿತಳು. ಇಪ್ಪತ್ತೆರಡರಲ್ಲಿ ಅವಳ ಎಡಗಾಲಿಗೆ ಬಳ್ಳಿ ಬಂತು. ನಮ್ಮಮ್ಮ ಎರಡು ಸೇರು ಬೇಳೆಯ ಒಬ್ಬಟ್ಟು ಮಾಡಿದಳು. ನೆರೆಮನೆಯ ಪುಟ್ನಂಜಮ್ಮ, ಆಗಿನ್ನೂ ಹೊಸ ಮದುವಣಗಿತ್ತಿ, ಸೀರೆಯ ಅಂಚನ್ನು ಒಂದು ಗೇಣು ಮೇಲೆತ್ತಿಸಿ ನೋಡಿ, "ಅಯ್ಯೋ ನಮ್ಮವ್ವ, ಕುಂಬಳದ ಬಳ್ಳಿ ಹಂಗೆ ಬಂದೈತಲ್ಲೇ!" ಎಂದು ಕೂಗಿದ್ದು ನನಗೆ ಇವತ್ತೂ ಕೇಳಿಸುತ್ತದೆ. ಚೆನ್ನಾಜಿ ನಾಚಿ ಬಾಗಿಲ ಹಿಂದೆ ಹೋಗಿದ್ದಳು.

ಐವತ್ತು ದಾಟಿದ ಮೇಲೆ ಆ ಕಾಲು ಭಾರವಾಯಿತು. ಸಂಜೆಗೆ ಊದಿಕೊಳ್ಳುತ್ತಿತ್ತು. ಹಿಮ್ಮಡಿಯ ಒಳಗಂಟಿನ ಮೇಲೆ ಚರ್ಮ ಮೊದಲು ತುರಿಸಿತು, ಆಮೇಲೆ ಕಪ್ಪಾಯಿತು, ಆಮೇಲೆ ಒಡೆದು ಹುಣ್ಣಾಯಿತು. ಅರಿಶಿನ ಹಚ್ಚಿದಳು, ಬೇವಿನ ನೀರಿನಲ್ಲಿ ತೊಳೆದಳು, ಹಳೆ ಸೀರೆ ಹರಿದು ಕಟ್ಟಿದಳು. ಎರಡು ವರ್ಷ ಅದು ಮಾಯಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿನಿಂದ ಅವಳ ದನಿ ಕೇಳಿತು. ಕೂಗಾಟವಿಲ್ಲ, ಗಾಬರಿಯಿಲ್ಲ.

"ಏನೂಂದ್ರೆ, ಸ್ವಲ್ಪ ಬನ್ನಿ. ಗೋಡೆ ಕೆಂಪಾಗಿಬಿಟ್ಟಿದೆ."

ಹೋಗಿ ನೋಡಿದರೆ ಬಳ್ಳಿಯ ಒಂದು ಗಂಟು ಒಡೆದು, ರಕ್ತ ಸಣ್ಣ ದಾರದಂತೆ ಚಿಮ್ಮಿ ಎದುರು ಗೋಡೆಗೆ ಬಡಿಯುತ್ತಿತ್ತು. ಅವಳು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತಿದ್ದಳು. ಓಡಿ ಬಂದ ಊರಿನ ನರ್ಸಮ್ಮ, "ಮಲಗಿಸಿ ಕಾಲು ಮೇಲೆತ್ತಿ" ಎಂದಳು. ಚೆನ್ನಾಜಿ ಮಲಗಲಿಲ್ಲ. ಒಂಟಿಕಾಲಲ್ಲಿ ನಿಂತು ಇನ್ನೊಂದನ್ನು ಒಲೆಕಟ್ಟೆಯ ಮೇಲಿಟ್ಟಳು. ಬಟ್ಟೆ ಬಿಗಿದು ಕಟ್ಟಿದ ಮೇಲೆ ರಕ್ತ ನಿಂತಿತು. ನರ್ಸಮ್ಮ ಹೋಗುವಾಗ ನನ್ನನ್ನು ಹೊರಗೆ ಕರೆದು, "ಅಯ್ನೋರೇ, ಇದು ನನ್ನ ಕೈಲಾಗೋದಲ್ಲ, ನಾನು ಮೇಲೆ ತಿಳಿಸ್ತೀನಿ" ಎಂದಳು.

ಅವಳು ತಿಳಿಸಿದ್ದರಿಂದಲೇ ಡಾಕ್ಟರ್ ವನಮಾಲಾ ಒಂದು ದೊಡ್ಡ ವ್ಯಾನಿನಲ್ಲಿ ಯಂತ್ರ ಹೇರಿಕೊಂಡು ನಮ್ಮೂರಿಗೆ ಬಂದದ್ದು. ಶಾಲೆಯಲ್ಲಿ ಮೂರು ದಿನದ ಶಿಬಿರ. ಪಾಪ, ಆಯಮ್ಮನಿಗೆ ನಮ್ಮ ಪದ್ಧತಿ ತಿಳಿದಿರಲಿಲ್ಲ. ದಾರಿಯ ದಣಿವಿನಲ್ಲಿ ವ್ಯಾನಿನಿಂದ ಇಳಿದವರೇ ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನೋಡುತ್ತಿದ್ದ ಪುಟ್ನಂಜಮ್ಮ, "ಬಿದ್ದೋದ್ರು! ಡಾಕ್ಟರಮ್ಮ ಬಿದ್ದೋದ್ರು!" ಎಂದು ಬೊಬ್ಬೆ ಹಾಕಿ ಒಂದು ಕೊಡ ನೀರನ್ನು ಅವರ ತಲೆಯ ಮೇಲೆ ಸುರಿದಳು. ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು. ಮೈಯೆಲ್ಲ ನೀರು ತೊಟ್ಟಿಕ್ಕಿಸುತ್ತ ಡಾಕ್ಟರಮ್ಮ, "ನನಗೇನೂ ಆಗಿಲ್ಲಮ್ಮ, ಕೂತಿದ್ದೆ ಅಷ್ಟೆ" ಎಂದರೆ, "ಅದೇ ಮತ್ತೆ, ಕೂತಿದ್ರಿ!" ಎಂದಳು ಇವಳು. ಡಾಕ್ಟರಮ್ಮ ನಕ್ಕರು. ಒಳ್ಳೆಯವರು ಎಂದು ಆಗಲೇ ನನಗನ್ನಿಸಿತು. ಆಮೇಲೆ ಅವರೂ ನಿಂತೇ ಕೆಲಸ ಮಾಡಿದರು.

ಮೊದಲ ದಿನ ಶುರುವಿನಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ನರದೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ಪರದೆಯ ಮೇಲೆ ನೋಡುವ ಪರೀಕ್ಷೆ ಮೊದಲು. ಅದಕ್ಕೆ ರೋಗಿ ನಿಂತೇ ಇರಬೇಕು. ಊರಿಗೆ ಹಿಗ್ಗೋ ಹಿಗ್ಗು. "ನೋಡಿದ್ರಾ, ನಿಂತವರನ್ನೇ ನೋಡೋ ಡಾಕ್ಟರು! ಇಂಥವರು ಬೇಕಾಗಿತ್ತು ನಮ್ಮೂರಿಗೆ" ಎಂದ ಊರ ಯಜಮಾನ ಹಾಲಪ್ಪ. ಚೆನ್ನಾಜಿಯ ಕಾಲು ನೋಡುವಾಗ ನಾನು ಜೊತೆಗಿದ್ದೆ. ನರಗಳಲ್ಲಿ ಪುಟ್ಟ ಪುಟ್ಟ ಬಾಗಿಲುಗಳಿರುತ್ತವಂತೆ, ರಕ್ತವನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಬಿಡದಂತೆ. ಅವಳ ನರದ ಬಾಗಿಲುಗಳು ಕೆಟ್ಟು, ಮೇಲೆ ಹೋದ ರಕ್ತವೆಲ್ಲ ಮತ್ತೆ ಕಾಲಿಗೇ ಇಳಿಯುತ್ತಿತ್ತು. ಆ ನರವನ್ನು ಮುಚ್ಚಿಬಿಟ್ಟರೆ ರಕ್ತ ಒಳಗಿನ ಒಳ್ಳೆಯ ನರಗಳ ದಾರಿ ಹಿಡಿಯುತ್ತದೆ, ಹುಣ್ಣು ತಾನಾಗಿ ಮಾಯುತ್ತದೆ ಎಂದರು.

"ಕೊಯ್ತೀರಾ?" ಎಂದು ಚೆನ್ನಾಜಿ ಕೇಳಿದಳು.

"ಇಲ್ಲಮ್ಮ. ಕೊಯ್ಯೋದೂ ಇಲ್ಲ, ಒಳಗೆ ತಂತಿ ತೂರಿಸೋದೂ ಇಲ್ಲ. ಶಬ್ದದಿಂದ ಮುಚ್ತೀವಿ."

"ಶಬ್ದದಿಂದ?"

"ಭೂತಗನ್ನಡಿ ಹಿಡಿದು ಬಿಸಿಲನ್ನ ಒಂದು ಚುಕ್ಕಿಗೆ ಸೇರಿಸಿದ್ರೆ ಎಲೆ ಸುಡುತ್ತಲ್ಲ, ಹಾಗೆ. ಈ ಯಂತ್ರ ಶಬ್ದವನ್ನ ಒಂದು ಚುಕ್ಕಿಗೆ ಸೇರಿಸುತ್ತೆ. ಮೇಲಿನ ಚರ್ಮಕ್ಕೆ ಏನೂ ಆಗೋದಿಲ್ಲ, ಒಳಗಿನ ನರ ಬಿಸಿಯಾಗಿ ಕುಗ್ಗಿ ಮುಚ್ಚಿಕೊಳ್ಳುತ್ತೆ. ಆ ಶಬ್ದ ನಮ್ಮ ಕಿವಿಗೆ ಕೇಳಿಸೋದಿಲ್ಲ."

ನಲವತ್ತು ವರ್ಷ ಗಂಟೆ ಬಾರಿಸಿದವನು ನಾನು. ಕೇಳಿಸದ ಶಬ್ದಕ್ಕೂ ಇಷ್ಟು ಬಲವಿದೆ ಎಂದಾಗ ಮನಸ್ಸಿನೊಳಗೇ ಮಾಡುವ ಜಪದ ನೆನಪಾಗಿ ಕೈಮುಗಿದೆ. ಡಾಕ್ಟರಮ್ಮ ಯಂತ್ರದ ಪಕ್ಕದಲ್ಲಿದ್ದ ಉದ್ದನೆಯ ಮೇಜನ್ನು ತೋರಿಸಿ, "ಸರಿ, ಮಲಗಿ ಮತ್ತೆ" ಎಂದರು.

ಚೆನ್ನಾಜಿ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಹೊರಗಿನ ಸಾಲಿನಲ್ಲಿದ್ದ ಹೆಂಗಸರು ಬಾಗಿಲಿಗೆ ಬಂದು ಇಣುಕಿದರು.

"ನಿಂತೇ ಮಾಡಕ್ಕಾಗಲ್ವಾ ತಾಯಿ?" ಎಂದು ಹಾಲಪ್ಪ ಕೇಳಿದ. ಆಗುವುದಿಲ್ಲ ಎಂದರು. ಮುಕ್ಕಾಲು ಗಂಟೆ ಕಾಲು ಒಂದಿಷ್ಟೂ ಅಲುಗಬಾರದು, ಅಲುಗಿದರೆ ಯಂತ್ರ ತಾನೇ ನಿಂತುಬಿಡುತ್ತದೆ. ಹಾಗಾದರೆ ಸಂಜೆ ಅಯ್ಯ ಕೂತ ಮೇಲೆ ಮಾಡಿ ಎಂದೆವು. ಅದೂ ಆಗುವಂತಿರಲಿಲ್ಲ. ಯಂತ್ರಕ್ಕೆ ಮೂರು ಫೇಸಿನ ಕರೆಂಟು ಬೇಕು. ನಮ್ಮೂರಿಗೆ ಅದು ಬರುತ್ತಿದ್ದುದು ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ಸಂಜೆ ಬರುತ್ತಿದ್ದುದು ಬಲ್ಬು ಮಿಣುಕಿಸುವಷ್ಟು ಮಾತ್ರ.

ಎರಡನೆಯ ದಿನ ಬಡಗಿ ಕಾಳಾಚಾರಿ ಒಂದು ಉಪಾಯ ತೆಗೆದ. ಹಲಗೆಯನ್ನು ಓರೆಯಾಗಿ ನಿಲ್ಲಿಸಿ ಅದಕ್ಕೆ ರೋಗಿಯನ್ನು ಒರಗಿಸಿದರೆ ಅದು ಒರಗಿದಂತೆಯೇ ಹೊರತು ಮಲಗಿದಂತಲ್ಲ ಎಂಬುದು ಅವನ ವಾದ. ಒರಗುವುದು ಎಲ್ಲಿ ಮುಗಿಯುತ್ತದೆ, ಮಲಗುವುದು ಎಲ್ಲಿ ಶುರುವಾಗುತ್ತದೆ ಎಂದು ಶಾಲೆಯ ಅಂಗಳದಲ್ಲಿ ಅರ್ಧ ದಿನ ಚರ್ಚೆಯಾಯಿತು. ಕೊನೆಗೆ ಹಾಲಪ್ಪ ಒಂದು ನಿಂಬೆಹಣ್ಣು ತರಿಸಿದ. "ಹಲಗೆ ಮೇಲೆ ಹಣ್ಣಿಡಿ. ಉರುಳಿದ್ರೆ ಒರಗೋದು. ನಿಂತ್ರೆ ಮಲಗೋದು. ಇದಕ್ಕಿಂತ ನ್ಯಾಯ ಇನ್ನೊಂದಿಲ್ಲ." ಹಣ್ಣು ಉರುಳುವ ಓರೆಯಲ್ಲಿ ಒರಗಿಸಿದ ಪುಟ್ನಂಜಮ್ಮನೂ ಹಣ್ಣಿನ ಹಿಂದೆಯೇ ಜಾರಿದಳು. "ಬಿಡ್ರೋ, ನಾನೇನು ನಿಂಬೆಹಣ್ಣಾ!" ಎಂದು ಆಚಾರಿಯ ಬೆನ್ನಿಗೆ ಗುದ್ದಿದಳು. ಅವಳು ಜಾರದಂತೆ ಹಲಗೆ ಇಳಿಸಿದರೆ ಹಣ್ಣು ನಿಂತುಬಿಡುತ್ತಿತ್ತು. ಆ ದಿನವೂ ಹಾಗೆ ಕಳೆಯಿತು.

ಸಂಜೆಗೆ ಡಾಕ್ಟರಮ್ಮ ನಮ್ಮ ಮನೆಗೇ ಬಂದರು. ಚೆನ್ನಾಜಿಯ ಮುಂದೆಯೇ ನನಗೆ ಹೇಳಿದರು. "ಉಳಿದವರಿಗೆ ಕಾಯಬಹುದು ಅಯ್ನೋರೇ. ಇವರಿಗೆ ಕಾಯೋ ಹಾಗಿಲ್ಲ. ಆ ನರ ಮತ್ತೆ ಒಡೆಯುತ್ತೆ. ಮನೇಲಿ ಯಾರೂ ಇಲ್ಲದಾಗ ಒಡೆದ್ರೆ ಜೀವಕ್ಕೇ ಅಪಾಯ. ಒಡೆಯದೇ ಇದ್ರೂ ಈ ಹುಣ್ಣು ಪಾದ ತಿನ್ನುತ್ತೆ. ನಾಳೆ ನಾಲ್ಕಕ್ಕೆ ನಾನು ಯಂತ್ರ ಕಟ್ಟಬೇಕು. ಮತ್ತೆ ಯಾವಾಗ ಈ ಕಡೆಗೆ ಕಳಿಸ್ತಾರೋ ಗೊತ್ತಿಲ್ಲ."

ಅವರು ಹೋದ ಮೇಲೆ ನಾನು ಹೆಂಡತಿಯ ಹತ್ತಿರ ಬೇಡಿಕೊಂಡೆ. "ಚೆನ್ನಾಜಿ, ಒಂದು ಮುಕ್ಕಾಲು ಗಂಟೆ. ಅಯ್ಯನಿಗೆ ತಪ್ಪು ಕಾಣಿಕೆ ಇಟ್ಟರಾಯ್ತು."

ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ದೀಪ ಹಚ್ಚೋರ ಬಾಯಲ್ಲಿ ಈ ಮಾತಾ? ಅವನು ನಿಂತಿರೋವಾಗ ನಾನು ಬೆನ್ನು ಚಾಚಿ ಮಲಗಿ ಕಾಲು ಉಳಿಸಿಕೊಂಡೆ ಅಂತಿಟ್ಕೊಳ್ಳಿ. ಉಳಿದ ಕಾಲಲ್ಲಿ ಅವನ ಮುಂದೆ ಹೇಗೆ ಹೋಗಿ ನಿಲ್ಲಲಿ?"

"ಕಾಲೇ ಹೋದರೆ ಹೇಗೆ ನಿಲ್ತೀಯೆ?"

"ಒಂದಿದೆಯಲ್ಲ" ಎಂದಳು.

ಮೂರನೆಯ ದಿನ ಬೆಳಿಗ್ಗೆ ಹೂ ತರಲು ಹೊರಟವನನ್ನು ಪುಟ್ನಂಜಮ್ಮ ಬೇಲಿಯ ಹತ್ತಿರ ತಡೆದಳು. ಅವಳ ಕಣ್ಣು ಕೆಂಪಾಗಿತ್ತು. "ಅಯ್ನೋರೇ, ಒಂದು ಕೇಳ್ತೀನಿ. ಮೋಡ ಮುಚ್ಚಿದ ದಿನ ಹೊತ್ತು ಮುಳುಗಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?"

"ಅಂದಾಜು."

"ಒಂದು ದಿನ ಅಂದಾಜು ತಪ್ಪಿದ್ರೆ?"

"ನಂಜಮ್ಮ, ಇವತ್ತು ಮೋಡವಿಲ್ಲ."

"ಇಲ್ಲ ಬಿಡಿ" ಎಂದಳು. "ಕಣ್ಣಿಗೆ ಪೊರೆ ಬರೋ ವಯಸ್ಸು ನಿಮಗೆ. ಅದನ್ನ ಹೇಳಿದೆ." ಸೆರಗು ಕೊಡವಿ ಒಳಗೆ ಹೋದಳು. ಅವಳನ್ನು ಬಯ್ಯಬೇಕಾಗಿತ್ತು. ಬಯ್ಯದೆ ಬೀದಿಗಿಳಿದೆ.

ಹನ್ನೆರಡು ಗಂಟೆಯವರೆಗೆ ಊರಿನ ಎಲ್ಲ ಬೀದಿಗಳಲ್ಲಿ ತಿರುಗಿದೆ. ಒರಗುಗಂಬಗಳಿಗೆ ಒರಗಿದ್ದ ನನ್ನ ವಾರಿಗೆಯವರು "ಏನಯ್ಯಾ, ಕಾಲಿಗೆ ಚಕ್ರ ಕಟ್ಟಿಕೊಂಡಿದೀಯ?" ಎಂದು ಕೇಳಿದರು. ಅವರೆಲ್ಲರ ಕಾಲುಗಳನ್ನು ನೋಡಿದೆ. ಬಳ್ಳಿ ಹಬ್ಬಿದ ಕಾಲುಗಳು, ಪಟ್ಟಿ ಸುತ್ತಿದ ಕಾಲುಗಳು. ಕಡೆಗೆ ನನ್ನ ಕಾಲು ನನ್ನನ್ನು ಗುಡಿಗೇ ಕರೆದುಕೊಂಡು ಹೋಯಿತು. ಒಂದೂಕಾಲರ ಸುಮಾರಿಗೆ, ಬಿಸಿಲು ನೆತ್ತಿಯ ಮೇಲಿದ್ದಾಗ, ನಾನು ಅಯ್ಯನ ಮುಂದೆ ಸಂಜೆಯ ದೀಪ ಹಚ್ಚಿದೆ. ಎರಡು ಕಡ್ಡಿ ಹಾಳಾದವು. ಹೊರಗೆ ಬಂದು ಬಾಗಿಲು ಮುಚ್ಚಿ ಹೆಸರು ಹೇಳತೊಡಗಿದೆ. ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಹೇಳಿದೆ. ಕೂತಿರು ತಂದೆ, ಈ ಒಂದು ದಿನ ಕೂತಿರು ಎಂದು ಪ್ರತಿ ಹೆಸರಿನ ಹಿಂದೆಯೂ ಮನಸ್ಸು ಗೋಗರೆಯುತ್ತಿತ್ತು.

ಬಾಗಿಲು ತೆರೆದೆ. ಅಯ್ಯ ನಿಂತಿದ್ದ.

ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಸಿಟ್ಟು ಬರಲಿಲ್ಲ. ಅವನು ಅವನ ನಿಯಮದಲ್ಲಿದ್ದ, ಅಷ್ಟೆ. ನನ್ನ ಕಡೆಯಿಂದ ಹೇಳಬೇಕಿದ್ದ ಮಾತು ಒಂದೇ. ಅದನ್ನು ಗಟ್ಟಿಯಾಗಿಯೇ ಹೇಳಿದೆ. "ಅಯ್ಯಾ, ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಹೇಳ್ತೀನಿ. ಪಾಪವೆಲ್ಲ ನನ್ನದು, ಊರಿನದಲ್ಲ, ಅವಳದಂತೂ ಅಲ್ಲವೇ ಅಲ್ಲ. ನೀನು ಕೂರೋವರೆಗೆ ನಾನು ಕೂರೋದಿಲ್ಲ. ನನ್ನ ಕೈಲಾಗೋದು ಇಷ್ಟೇ." ಬಾಗಿಲನ್ನು ಎಳೆದುಕೊಂಡು ಬೀಗ ಹಾಕಿದೆ. ಗಂಟೆಯನ್ನು ಮೂರು ಸಲ ಬಾರಿಸಿದೆ. ಮೆಟ್ಟಿಲ ಮೇಲೆ ನಿಂತು ಕೂಗಿದೆ.

"ಅಯ್ಯ ಕೂತ!"

ಕೊಡ ಹೊತ್ತ ಹೆಂಗಸರು ಬಾವಿಯ ಹತ್ತಿರ ಹಾಗೇ ನಿಂತರು. ನೆರಳುಗಳು ಅವರವರ ಪಾದದ ಕೆಳಗೇ ಮುದುರಿಕೊಂಡಿದ್ದವು. ಒಬ್ಬರೂ ಕತ್ತೆತ್ತಿ ಸೂರ್ಯನನ್ನು ನೋಡಲಿಲ್ಲ. ಶಾಲೆಯ ಕಡೆಯಿಂದ ಮೊದಲು ಒಂದು ದನಿ ಬಂತು, ಪುಟ್ನಂಜಮ್ಮನದು. "ನಾವೂ ಕೂತೆವು!" ಆಮೇಲೆ ಹಾಲಪ್ಪನ ಕಂಚಿನ ಕಂಠ. ಆಮೇಲೆ ಎಲ್ಲ ಬೀದಿಗಳಿಂದಲೂ. ಕುರ್ಚಿಗಳು ಇಳಿದವು. ಚಾಪೆಗಳು ಬಿಚ್ಚಿಕೊಂಡವು.

ಅಂಥ ಸಂಜೆಯನ್ನು ನಮ್ಮೂರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೆಂಗಸರು ಸುಡುವ ಬಿಸಿಲಿನಲ್ಲಿ ಹೊಸ್ತಿಲಿಗೆ ನೀರು ಚಿಮುಕಿಸಿ ದೀಪವಿಟ್ಟರು. ಜ್ವಾಲೆ ಕಾಣಿಸುತ್ತಿರಲಿಲ್ಲ, ಹೊಗೆಯೊಂದೇ ಕಾಣುತ್ತಿತ್ತು. ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂತು ಸಂಜೆಯ ಮಗ್ಗಿ ಒಪ್ಪಿಸಿದರು. ಅಂಗಡಿಯವರು ಬಾಗಿಲು ಎಳೆದುಕೊಂಡರು. ಮೇಯಲು ಹೋದ ದನಗಳನ್ನು ಅರ್ಧ ದಾರಿಯಲ್ಲೇ ತಿರುಗಿಸಿಕೊಂಡು ಬಂದರು, ಅವು ಮಾತ್ರ ಒಪ್ಪದೆ ಕೊಟ್ಟಿಗೆಯ ಬಾಗಿಲಲ್ಲಿ ಮುಷ್ಕರ ಹೂಡಿದವು. ಹಾಲಪ್ಪ ಕುರ್ಚಿಯಲ್ಲಿ ಕೂತು ಪಂಚೆಯ ತುದಿಯಿಂದ ಬೆವರು ಒರೆಸಿಕೊಳ್ಳುತ್ತ, ಹೋದವರಿಗೂ ಬಂದವರಿಗೂ "ಇವತ್ತು ತಂಗಾಳಿ ಚೆನ್ನಾಗಿದೆ" ಎಂದು ಹೇಳುತ್ತಿದ್ದ. ಯಾರೊಬ್ಬರೂ ನಗಲಿಲ್ಲ. "ಹೌದೌದು, ಹಿತವಾಗಿದೆ" ಎಂದೇ ಹೇಳಿ ಹೋಗುತ್ತಿದ್ದರು.

ಶಾಲೆಗೆ ಬಂದೆ. ಚೆನ್ನಾಜಿ ಆ ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಪುಟ್ನಂಜಮ್ಮ ಬೆಳಿಗ್ಗೆಯೇ ಅವಳನ್ನು ಏನೋ ನೆಪ ಹೇಳಿ ಅಲ್ಲಿಗೆ ಎಳೆದು ತಂದಿದ್ದಳು. ನನ್ನನ್ನು ಕಂಡವಳು ಕೇಳಿದಳು.

"ಏನೂಂದ್ರೆ, ಅಯ್ಯ ಕೂತನಾ?"

ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಅವಳಿಗೆ ಸುಳ್ಳು ಹೇಳಿರಲಿಲ್ಲ. "ಕೂತ" ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ಬಾಗಿಲಿನಾಚೆ ಅಂಗಳದಲ್ಲಿ ಕೂತಿದ್ದ ಊರನ್ನು ನೋಡಿದಳು. "ಸರಿ ಹಾಗಾದ್ರೆ" ಎಂದು ಮೇಜಿನ ಮೇಲೆ ಕೂತು, ಕಾಲುಗಳನ್ನು ಮೇಲೆಳೆದುಕೊಂಡು ಮಲಗಿದಳು.

ಯಂತ್ರದ ತೋಳು ಮೆಲ್ಲನೆ ಇಳಿದು ಅವಳ ಕಾಲಿನ ಮೇಲೆ ನಿಂತಿತು. ಅದರ ತುದಿಯಲ್ಲಿ ಚರ್ಮವನ್ನು ತಂಪಾಗಿಡುವ ನೀರಿನ ಚಿಕ್ಕ ಚೀಲ. ಡಾಕ್ಟರಮ್ಮ ಪರದೆಯಲ್ಲಿ ನರವನ್ನು ಹುಡುಕಿ ಗುಂಡಿ ಒತ್ತುತ್ತಿದ್ದರು, ಕೆಲವು ಕ್ಷಣ ಕಾಯುತ್ತಿದ್ದರು, ಕೂದಲೆಳೆಯಷ್ಟು ಮುಂದೆ ಸರಿಸಿ ಮತ್ತೆ ಒತ್ತುತ್ತಿದ್ದರು.

"ನೋವಾಗ್ತಿದೆಯಾ ಅಮ್ಮ?"

"ಬಿಸಿ ಬೆಲ್ಲದ ಪಾಕ ಒಂದು ಹನಿ ಬಿದ್ದ ಹಾಗಾಗುತ್ತೆ, ಆರಿಹೋಗುತ್ತೆ. ಶಬ್ದ ಅಂದ್ರಿ, ಏನೂ ಕೇಳಿಸ್ತಿಲ್ಲ."

"ಕೇಳಿಸಲ್ಲ ಅಂದಿದ್ನಲ್ಲ." ನನ್ನ ಕಡೆಗೆ ತಿರುಗಿ, "ನೀವು ಯಾಕೆ ನಿಂತೇ ಇದೀರಿ ಅಯ್ನೋರೇ? ಸಂಜೆ ಆಯ್ತಲ್ಲ, ಕೂತ್ಕೊಳ್ಳಿ" ಎಂದು ಸ್ಟೂಲು ತಳ್ಳಿದರು.

"ಪರವಾಗಿಲ್ಲಮ್ಮ. ನನಗೆ ನಿಂತೇ ಅಭ್ಯಾಸ" ಎಂದೆ.

ಚೆನ್ನಾಜಿ ತಲೆ ಹೊರಳಿಸಿ ನನ್ನ ಪಾದಗಳನ್ನು ನೋಡಿದಳು. ಒಂದು ಗಳಿಗೆ ನೋಡಿ ಕಣ್ಣು ಮುಚ್ಚಿಕೊಂಡಳು. ಕಾಲು ಅಲುಗಲಿಲ್ಲ.

ನಾಲ್ಕಕ್ಕೆ ಕರೆಂಟು ಹೋಗುವಷ್ಟರಲ್ಲಿ ಅವಳದೂ ಇನ್ನಿಬ್ಬರದೂ ಮುಗಿದಿತ್ತು. ಡಾಕ್ಟರಮ್ಮ ಯಂತ್ರ ಕಟ್ಟಿಕೊಂಡು ಹೊರಟರು. ಚೆನ್ನಾಜಿ ಅವರು ಕೊಟ್ಟ ಬಿಗಿಯಾದ ಕಾಲುಚೀಲ ತೊಟ್ಟುಕೊಂಡು ತಾನೇ ನಡೆದು ಮನೆಗೆ ಹೋದಳು. ನಾನು ಗುಡಿಗೆ ಹೋಗಿ ಬಾಗಿಲಲ್ಲಿ ನಿಂತುಕೊಂಡೆ. ನಿಜವಾದ ಸಂಜೆ ಬಂದಾಗ ದೀಪಕ್ಕೆ ಎಣ್ಣೆ ಹಾಕಿ, ಹೊಸ ಬತ್ತಿ ಹಚ್ಚಿ, ಬಾಗಿಲು ಮುಚ್ಚಿ ನೂರೆಂಟು ಹೇಳಿ ತೆರೆದೆ. ಅಯ್ಯ ಕೂತಿದ್ದ. ಗಂಟೆ ಬಾರಿಸುವಂತಿರಲಿಲ್ಲ, ಕೂಗುವಂತಿರಲಿಲ್ಲ. ಹೊಸ್ತಿಲ ಹೊರಗೆ ಕೂತು ಅತ್ತೆ.

ಹುಣ್ಣು ಮೂರು ತಿಂಗಳಿಗೆ ಮಾಯಿತು. ಬಳ್ಳಿ ಬತ್ತಿ ಹೋಗಿ ಅವಳ ಕಾಲು ಮದುವಣಗಿತ್ತಿಯ ಕಾಲಿನಂತಾಯಿತು. "ನಿಮ್ಮಮ್ಮ ಇದ್ದಿದ್ರೆ ಒಬ್ಬಟ್ಟು ವಾಪಸ್ ಕೊಡು ಅಂತಿದ್ರು" ಎಂದು ನಗುತ್ತಿದ್ದಳು. ಆ ಮಧ್ಯಾಹ್ನದ ಮಾತನ್ನು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳಿಗೆ ಗೊತ್ತಾಯಿತೇ? ಗೊತ್ತಾಗಿದ್ದರೆ ಅಂಥವಳು ಮಲಗುತ್ತಿದ್ದಳೇ? ನಾನು ಅವಳಿಗೆ ಕಾಲು ಕೊಟ್ಟು, ಅವಳು ಬದುಕೆಲ್ಲ ಕಾಪಾಡಿಕೊಂಡು ಬಂದದ್ದನ್ನು ಅವಳಿಗೇ ತಿಳಿಯದಂತೆ ಕದ್ದೆನೇ? ಒಂಬತ್ತು ವರ್ಷ, ದಿನವೂ ದೀಪ ಹಚ್ಚುವಾಗ ಈ ಪ್ರಶ್ನೆ ನನ್ನ ಜೊತೆಗಿರುತ್ತಿತ್ತು. ಕೇಳಲು ಧೈರ್ಯ ಬರಲಿಲ್ಲ.

ಊರು ಬದಲಾಯಿತು. ಮರುವರ್ಷ ಯಂತ್ರ ಬಂದಾಗ ಯಾರೂ ನನ್ನ ಗಂಟೆಗೆ ಕಾಯಲಿಲ್ಲ, ಕದವಿಕ್ಕಿಕೊಂಡು ಮಲಗಿದರು. ಆಮೇಲೆ ಊಟಕ್ಕೆ ಕೂತರು. ಆಮೇಲೆ ಕುರ್ಚಿಗಳು ಹಗಲೂ ನೆಲದ ಮೇಲೇ ಉಳಿದವು. ಗೂಟಗಳಿಗೆ ಈಗ ಕೊಡೆ, ಚೀಲ ನೇತುಹಾಕುತ್ತಾರೆ. ಕಾಲುಗಳು ಹಗುರಾದವು, ಅದು ಒಳ್ಳೆಯದೇ. ನನ್ನ ಕೂಗಿಗೆ ಉತ್ತರ ಹೇಳುವವರು ಒಂದು ಬೀದಿಯಷ್ಟು, ಆಮೇಲೆ ನಾಲ್ಕು ಮನೆಯಷ್ಟು ಉಳಿದರು. ಚೆನ್ನಾಜಿ ಮಾತ್ರ ಒಂದು ದಿನವೂ ಹಗಲು ಕೂರಲಿಲ್ಲ.

ಹೋದ ಕಾರ್ತಿಕದಲ್ಲಿ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ಮಲಗು ಎಂದರೆ ಕೇಳಲಿಲ್ಲ. ಹಳೆಯ ಬಟ್ಟೆಪಟ್ಟಿ ಹುಡುಕಿ ಕಟ್ಟಿ ಗೋಡೆಗೆ ಒರಗಿಸಿದೆವು. ಆರನೆಯ ದಿನ ಮಧ್ಯಾಹ್ನದಿಂದ ಮಾತು ಕಡಿಮೆಯಾಯಿತು. ಪುಟ್ನಂಜಮ್ಮ ಒಂದು ಪಕ್ಕ, ನಾನು ಒಂದು ಪಕ್ಕ ಹಿಡಿದುಕೊಂಡಿದ್ದೆವು. ಹೊತ್ತು ಇಳಿಯುತ್ತ ಬಂತು. ನಾನು ಕದಲಲಿಲ್ಲ. ಅವಳೇ ಕಣ್ಣು ತೆರೆದು, "ಹೊತ್ತಾಯ್ತಲ್ಲ, ದೀಪ" ಎಂದಳು.

"ಇವತ್ತೊಂದು ದಿನ ಬೇರೆ ಯಾರಾದರೂ—"

"ಹೋಗಿ" ಎಂದಳು. ಹೋದೆ.

ದೀಪ ಹಚ್ಚಿದೆ. ನೂರೆಂಟು ಹೇಳಿದೆ. ಅಯ್ಯ ಕೂತಿದ್ದ. ಗಂಟೆ ಬಾರಿಸಿ, ಅವಳಿಗೆ ಕೇಳಿಸಲೆಂದು ಎದೆ ಬಿರಿಯುವಂತೆ ಕೂಗಿ, ಮನೆಗೆ ಓಡಿದೆ. ಪಟ್ಟಿ ಬಿಚ್ಚಿತ್ತು. ಅವಳು ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಳು. ಉಸಿರಿರಲಿಲ್ಲ. ಪುಟ್ನಂಜಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಗಂಟೆ ಕೇಳಿಸ್ತು ಅಯ್ನೋರೇ ಅವಳಿಗೆ. ನಿಮ್ಮ ಕೂಗೂ ಕೇಳಿಸ್ತು. ಕಿವಿಗೊಟ್ಟು ಕೇಳಿದ್ಲು. ಆಮೇಲೆ ನಕ್ಕಂಗೆ ಮಾಡಿ, 'ಈ ಸಲ ದನಿ ನಡುಗಲಿಲ್ಲ ಕಣೆ ನಂಜಿ, ಈ ಸಲ ನಿಜವಾಗ್ಲೂ ಕೂತಿದಾನೆ, ನನ್ನ ಇಳಿಸು' ಅಂದ್ಲು. ಇಳಿಸಿದೆ. ಅಷ್ಟೇ."

ನಾನು ಬಾಗಿಲಲ್ಲೇ ನಿಂತಿದ್ದೆ. ಆ ದಿನ ನನ್ನ ದನಿ ನಡುಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ನನ್ನ ಕೂಗು ಕೇಳಿದ ಕ್ಷಣದಿಂದ ಅವಳಿಗೆ ಗೊತ್ತಿತ್ತು. ಆದರೂ ನನ್ನನ್ನು ಕೇಳಿದಳು, ನಾನು ಕೂತ ಎಂದೆ, ಅವಳು ಊರಿನ ಮುಂದೆ ನನ್ನ ಮಾತನ್ನು ಉಳಿಸಲು ತನ್ನ ನಿಲುವನ್ನು ಬಿಟ್ಟು ಮಲಗಿದಳು.

"ಕೂತ್ಕೊಳ್ಳಿ ಅಯ್ನೋರೇ" ಎಂದು ಪುಟ್ನಂಜಮ್ಮ ಸ್ವಲ್ಪ ಸರಿದು ಜಾಗ ಮಾಡಿದಳು.

ಚೆನ್ನಾಜಿಯ ಪಾದಗಳ ಹತ್ತಿರ ಕೂತೆ.